ಡಾಕ್ಟರ ಫಾರ್ಮಿನಲ್ಲಿ ಅವ್ವನ ಬೈಗುಳ

ಇಂಟರ್, ಅಂದರೆ ಪಿಯುಸಿ, ಮುಗಿಸಿದ ವರ್ಷ ನಾನು ಡಿಗ್ರಿ ಕಾಲೇಜಿಗೆ ಸೇರಲಿಲ್ಲ. ಅಂಕಗಳೇನೋ ಚೆನ್ನಾಗಿಯೇ ಇದ್ದವು. ಹೈದರಾಬಾದಿನ ಇನ್ನೊಂದು ತುದಿಯ ಗಚ್ಚಿಬೌಲಿಯಲ್ಲಿರುವ ವಿಶ್ವವಿದ್ಯಾಲಯದ ಅರ್ಜಿಯನ್ನು ಕಂಪ್ಯೂಟರಿನಲ್ಲಿ ಪೂರ್ತಿ ತುಂಬಿ, ಫೋಟೋ ಏರಿಸಿ, ಕೊನೆಯ ಗುಂಡಿ ಒತ್ತುವ ಮೊದಲು ಚಹಾ ಕುಡಿಯಲು ಎದ್ದೆ. ಮತ್ತೆ ಅದರ ನೆನಪಾದದ್ದು ಕೊನೆಯ ದಿನಾಂಕ ದಾಟಿ ಮೂರು ದಿನಕ್ಕೆ. ಅಷ್ಟರಲ್ಲಿ ಅರ್ಜಿ ಹಾಕಿಯಾಯಿತೆಂದು ಅಪ್ಪನಿಗೆ ಹೇಳಿಯೂ ಆಗಿತ್ತು. ಸುಳ್ಳು ಹೇಳಿರಲಿಲ್ಲ, ಹಾಕಿದ್ದೇನೆಂದೇ ನಂಬಿದ್ದೆ. ಆದರೆ ಅದನ್ನು ನಂಬುವವರು ಯಾರು? ಸುಳ್ಳು ಹೇಳಿದೆಯೆಂದು ಅಪ್ಪ ತಿಂಗಳುಗಟ್ಟಲೆ ಬೈದರು.

ಅಪ್ಪನಿಗೆ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಕೆಲಸ. ನಾನು ಹುಟ್ಟುವ ಮೊದಲೇ ಬಾಗಲಕೋಟೆ ಕಡೆಯಿಂದ ಹೈದರಾಬಾದಿಗೆ ಬಂದವರು. ಅಳತೆ ಕೂದಲೆಳೆಯಷ್ಟು ತಪ್ಪಿದರೂ ಆ ತುಂಡನ್ನು ಪಕ್ಕಕ್ಕೆ ಎಸೆಯುವುದೇ ಅವರ ಉದ್ಯೋಗ. ಅಂಥವರ ಹೊಟ್ಟೆಯಲ್ಲಿ ನನ್ನಂಥವಳು ಹುಟ್ಟಿದ್ದಳು. ಮನೆಯ ಹೊರಗೆ ನಮ್ಮದು ತೆಲುಗು, ಹಿಂದಿ. ಬೈಗುಳ ಮಾತ್ರ ಅಪ್ಪಟ ಕನ್ನಡ. ಅವ್ವನ ಬಾಯಲ್ಲಿ ಬೈಗುಳಕ್ಕೆ ಬರವಿರಲಿಲ್ಲ. ಆದರೆ ನನಗೆ ಬೈಯುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಅವಳೇ ಗೊಣಗುತ್ತಿದ್ದಳು.

ಮರುವರ್ಷ ಅಪ್ಪ ತೀರ್ಮಾನ ಹೇಳಿದರು. "ಗಚ್ಚಿಬೌಲಿ ಬ್ಯಾಡ, ಹಾಸ್ಟೆಲ್ ಬ್ಯಾಡ. ಇಲ್ಲೇ ಓಣಿ ತುದ್ಯಾಗಿನ ಕಾಲೇಜಿಗೆ ಹೋಗು. ನಿನ್ನ ಕಾಯಾಕ ಯಾವಾಗಲೂ ಒಬ್ಬರು ಬೇಕು." ನನಗೆ ಜೀವಶಾಸ್ತ್ರ ಓದುವ ಆಸೆಯಿತ್ತು, ಅದು ಆ ಓಣಿಯ ಕಾಲೇಜಿನಲ್ಲಿರಲಿಲ್ಲ. ಆದರೂ ಎದುರಾಡಲಿಲ್ಲ. ಅವರು ಹೇಳಿದ್ದು ಸರಿ ಎಂದೇ ನನಗೂ ಅನಿಸಿತ್ತು, ಹೆಚ್ಚು ನೋವಾದದ್ದು ಅದಕ್ಕೇ.

ಆ ಕಾಲೇಜಿಗೂ ನಾನು ಇಂಟರ್ ಓದಿದ ಕಾಲೇಜಿನಿಂದ ಒಂದು ಪತ್ರ ಬೇಕಿತ್ತು. ಅದನ್ನು ಎರಡು ಸಲ ತಂದು ಎರಡು ಸಲವೂ ಕಳೆದೆ. ಮೂರನೆಯ ಸಲ ಹೋದಾಗ ಅಲ್ಲಿನ ಇಂಗ್ಲಿಷ್ ಮೇಡಂ ನನ್ನನ್ನು ಕೂರಿಸಿಕೊಂಡು ಅರ್ಧ ಗಂಟೆ ಏನೇನೋ ವಿಚಾರಿಸಿದರು. ಆಮೇಲೆ ಅಪ್ಪನಿಗೆ ಫೋನ್ ಮಾಡಿ, ಇವಳು ಸೋಮಾರಿಯಲ್ಲ, ಒಮ್ಮೆ ಮನೋವೈದ್ಯರಿಗೆ ತೋರಿಸಿ ಎಂದು ಹಿಂದಿಯಲ್ಲಿ ಹೇಳಿದರು. "ನನ್ನ ಮಗಳಿಗೇನು ಹುಚ್ಚೇನ?" ಎಂದು ಅಪ್ಪ ಎರಡು ದಿನ ಸಿಡುಕಿದರು. ಮೂರನೆಯ ದಿನ ತಾವೇ ರಜೆ ಹಾಕಿ ಅವ್ವನನ್ನೂ ನನ್ನನ್ನೂ ಮೆಹದಿಪಟ್ನಂನ ಮನೋವೈದ್ಯರ ಬಳಿ ಕರೆದೊಯ್ದರು.

ಡಾಕ್ಟರು ನನ್ನ ಜೊತೆ ಬಹಳ ಹೊತ್ತು ಮಾತಾಡಿ, ಚಿಕ್ಕಂದಿನಿಂದ ಇವಳ ನಡವಳಿಕೆ ಹೇಗೆಂದು ತುಂಬಿ ಕೊಡಿ ಎಂದು ಅಪ್ಪ ಅವ್ವನಿಗೆ ಇಂಗ್ಲಿಷಿನ ಫಾರ್ಮೊಂದನ್ನು ಕೊಟ್ಟರು. ಹೊರಗಿನ ಬೆಂಚಿನ ಮೇಲೆ ಅವರಿಬ್ಬರ ನಡುವೆ ನಾನು. ಅಪ್ಪ ಒಂದೊಂದೇ ಪ್ರಶ್ನೆ ಓದಿ ಅವ್ವನಿಗೆ ಅರ್ಥ ಹೇಳುತ್ತಿದ್ದರು.

"ಎದುರಿಗೆ ನಿಂತು ಮಾತಾಡಿದ್ರೂ ಕೇಳಿಸಿಕೊಂಡಂಗ ಕಾಣೂದಿಲ್ಲೇನು, ಅಂತ ಕೇಳ್ಯಾರ."

"ಗ್ವಾಡಿ ಕೂಡ ಮಾತಾಡಾಕತ್ತೀನೇನ ಅಂತ ದಿನಾ ಬೈತೀನಲ್ರಿ, ಅದ."

"ಸಾಮಾನು ಕಳೀತಾಳೇನು?"

"ತಲಿ ಕುತ್ತಿಗಿಗೆ ಅಂಟೈತಂತ ಉಳದೈತಿ, ಇಲ್ಲಾಂದ್ರ ಅದನ್ನೂ ಬಸ್ಸಿನ್ಯಾಗ ಬಿಟ್ಟು ಬರ್ತಿದ್ಲು."

"ಹಿಡಿದ ಕೆಲಸ ಅರ್ಧಕ್ಕ ಬಿಡ್ತಾಳೇನು?"

ಅವ್ವ ನಗುತ್ತಲೇ ಉತ್ತರಿಸುತ್ತಿದ್ದಳು. ಏಳನೆಯದೋ ಎಂಟನೆಯದೋ ಪ್ರಶ್ನೆಗೆ ಅವಳ ನಗು ನಿಂತಿತು. "ಇವೆಲ್ಲಾ ನಾ ಅಕಿಗೆ ಬೈಯೂ ಮಾತ ಅದಾವಲ್ರಿ. ಡಾಕ್ಟರಿಗೆ ಹ್ಯಾಂಗ ಗೊತ್ತಾತು?"

ಅಪ್ಪ ಹಾಳೆಯನ್ನು ತಿರುವಿ ನೋಡಿದರು. "ಇದು ಅಕಿ ಒಬ್ಬಾಕಿ ಸಲುವಾಗಿ ಬರದದ್ದಲ್ಲ," ಎಂದರು ಮೆಲ್ಲಗೆ. "ಛಾಪಿಸ್ಯಾರ."

ಆ ಮಾತು ಕೇಳಿ ನನಗೆ ಅಳು ಬಂತು. ಇಂಥದೊಂದು ಫಾರ್ಮ್ ಅಚ್ಚಾಗಿದೆ ಎಂದರೆ ನನ್ನಂಥವರು ಬೇಕಾದಷ್ಟು ಜನ ಇದ್ದಾರೆ. ಅಷ್ಟು ವರ್ಷ ಅದು ನನ್ನೊಬ್ಬಳ ಕೆಟ್ಟ ಗುಣವೆಂದು ತಿಳಿದಿದ್ದೆ. ಅತ್ತದ್ದು ದುಃಖಕ್ಕಲ್ಲ, ತಲೆಯ ಮೇಲಿನ ಹೊರೆ ಇಳಿದ ಸುಖಕ್ಕೆ.

ಶಾಲೆಯ ಹಳೆಯ ಪ್ರಗತಿ ಪತ್ರಗಳನ್ನೂ ನೋಡಿದ ಮೇಲೆ ಡಾಕ್ಟರು ಅದರ ಹೆಸರು ಹೇಳಿದರು: ಎಡಿಎಚ್‌ಡಿ, ಗಮನ ನಿಲ್ಲದ ತೊಂದರೆ. ಚಿಕ್ಕಂದಿನಿಂದಲೂ ಇತ್ತಂತೆ. ಗದ್ದಲ ಮಾಡದ ಹುಡುಗಿಯಾದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲವಂತೆ. ಗುಳಿಗೆ ಕೊಟ್ಟರು, ಕೆಲಸವನ್ನು ತುಂಡು ಮಾಡಿಕೊಂಡು ಮಾಡುವ ಉಪಾಯಗಳನ್ನು ಕಲಿಸಿದರು. ನಾನೇನೂ ರಾತ್ರೋರಾತ್ರಿ ಬದಲಾಗಲಿಲ್ಲ. ಆ ವಾರವೇ ಒಂದು ಛತ್ರಿ ಕಳೆದೆ.

ಗಚ್ಚಿಬೌಲಿಯ ಅರ್ಜಿಗೆ ಇನ್ನೂ ನಾಲ್ಕು ದಿನ ಉಳಿದಿದ್ದಾಗ, ಭಾನುವಾರ ಬೆಳಿಗ್ಗೆ, ಅಪ್ಪ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ಗಚ್ಚಿಬೌಲಿಗೇ ಹಾಕು. ನೀ ಕೇಳಿದ್ದ ತುಂಬು, ಜೀವಶಾಸ್ತ್ರ," ಎಂದರು. ನಾನು ತುಂಬಿ ಮುಗಿಸಿ ಕಳಿಸುವವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ. ಅರ್ಜಿ ತಲುಪಿದೆ ಎಂದು ಪರದೆಯ ಮೇಲೆ ಬಂದಾಗ ಅಪ್ಪ ಅದರ ಕಡೆಗೇ ನೋಡುತ್ತ ಕೇಳಿದರು: "ಹ್ವಾದ ವರ್ಷ ನಾ ನಿನಗ ಭಾಳ ಬೈದ್ನೇನ?"

ಮೊದಲಾಗಿದ್ದರೆ, ಇಲ್ಲ, ತಪ್ಪು ನನ್ನದೇ ಅನ್ನುತ್ತಿದ್ದೆ.

"ಹೌದ್ರಿ ಅಪ್ಪಾ," ಅಂದೆ. "ಭಾಳ ಬೈದ್ರಿ."