ರಾಹುಕಾಲ ತಪ್ಪಿಸುತ್ತಿದ್ದ ಗಡಿಯಾರ

ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ ನಿಮಗೆ ನೆನಪಿದೆಯೇ? ಅದಕ್ಕೆ ಒಂದಿಷ್ಟು ಪೆಟ್ರೋಲು, ಬಾಡಿದ ಸೇವಂತಿಗೆ, ಊದುಬತ್ತಿಯ ಬೂದಿ ಸೇರಿದರೆ ನನ್ನ ಬಾಲ್ಯವಾಗುತ್ತದೆ. ಹೋದ ವಾರ ಚನ್ನಗಿರಿಯ ಗ್ಯಾರೇಜಿನಲ್ಲಿ ನನ್ನ ಹಳೆಯ ಕಾರಿಗೆ ಹೊಸ ಬ್ಯಾಟರಿ ಹಾಕಿಸಿ ಬಾಗಿಲು ತೆಗೆದಾಗ ಆ ವಾಸನೆಯ ಒಂದು ಎಳೆ ಮೂಗಿಗೆ ಬಡಿಯಿತು. ಕೀಲಿ ತಿರುಗಿಸಿದರೆ ಗಡಿಯಾರ ಒಂದು ಗಂಟೆ ಎಂದು ಮಿಟುಕಿಸುತ್ತಿತ್ತು. ಬ್ಯಾಟರಿ ಬಿಚ್ಚಿದಾಗಲೆಲ್ಲ ಅದಕ್ಕೆ ಹಿಂದಿನದೆಲ್ಲ ಮರೆತುಹೋಗುತ್ತದೆ, ಪುಣ್ಯವಂತ ಗಡಿಯಾರ. "ಟೈಮ್ ಒಂದು ಸೆಟ್ ಮಾಡ್ಕಂಬಿಡ್ರಿ ಮೇಡಂ" ಎಂದು ಮೆಕ್ಯಾನಿಕ್ ಕೈ ಒರೆಸಿಕೊಂಡು ಹೋದ. ಅದಕ್ಕಿರುವುದು ಎರಡೇ ಗುಂಡಿ, ಗಂಟೆಗೊಂದು, ನಿಮಿಷಕ್ಕೊಂದು. ಎರಡೂ ಮುಂದಕ್ಕಷ್ಟೇ ಓಡುತ್ತವೆ. ಒಂದು ನಿಮಿಷ ದಾಟಿಬಿಟ್ಟರೆ ಮತ್ತೆ ಪೂರ್ತಿ ಸುತ್ತಿ ಬರಬೇಕು. ಒತ್ತುತ್ತಾ ಕೂತವಳಿಗೆ ಸಾಸ್ವೆಹಳ್ಳಿಯ ಮನೆ ಕಣ್ಣ ಮುಂದೆ ಬಂತು.

ಆ ಮನೆ ಈಗಿಲ್ಲ. ರಸ್ತೆ ಅಗಲವಾದಾಗ ಅದರ ಜಗಲಿ ಹೋಯಿತು, ಆಮೇಲೆ ಉಳಿದದ್ದೂ ಹೋಯಿತು. ಜಗಲಿಯ ಮುಂದೆ ಬೇವಿನ ನೆರಳಲ್ಲಿ ಚಿಕ್ಕಪ್ಪನ ಬಾಡಿಗೆ ಕಾರು ನಿಲ್ಲುತ್ತಿತ್ತು. ಬಿಳಿ ಬಣ್ಣ, ದಪ್ಪ ಮೂತಿ, ಹಣೆಗೆ ಮೂರು ಬೆರಳಿನ ವಿಭೂತಿ. ಸ್ಟೇರಿಂಗಿನ ಪಕ್ಕದಲ್ಲಿ ಬೋಂಡದಷ್ಟು ದೊಡ್ಡ ಮುಳ್ಳಿನ ಗಡಿಯಾರ, ಅದರ ಕೆಳಗೊಂದು ಪುಟ್ಟ ತಿರುಪು. ಬೆಳಗಿನ ರೇಡಿಯೋ ವಾರ್ತೆಗೆ ಮುಂಚಿನ ಪೀಪ್ ಸದ್ದು ಬಂದ ಕೂಡಲೇ ಚಿಕ್ಕಪ್ಪ ಕಾಫಿ ಲೋಟ ಕೆಳಗಿಟ್ಟು ಓಡಿಹೋಗಿ ಆ ತಿರುಪು ತಿರುಗಿಸಿ ಹೊತ್ತು ಕೂಡಿಸುತ್ತಿದ್ದ. ಮನೆಗೆ ಬೆಂಕಿ ಬಿದ್ದರೂ ಅವನು ಅಷ್ಟು ಅವಸರ ಮಾಡುತ್ತಿರಲಿಲ್ಲ ಎಂದು ಅಜ್ಜಿ ನಗುತ್ತಿದ್ದಳು. ಅವ್ವ ನನ್ನನ್ನು ಹೆತ್ತು ಬಹಳ ದಿನ ಉಳಿಯಲಿಲ್ಲ. ನನಗೆ ತಲೆ ಬಾಚಿ, ತುತ್ತು ಮಾಡಿ ತಿನ್ನಿಸಿ, ಪಕ್ಕದಲ್ಲಿ ಮಲಗಿಸಿಕೊಂಡವಳು ಅಪ್ಪನ ತಂಗಿ ಗಿರಿಜತ್ತೆ. ಅವಳ ಸೆರಗಿನ ತುದಿ ನನ್ನ ಮುಷ್ಟಿಯಲ್ಲಿ ಇಲ್ಲದೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಸುತ್ತಲಿನ ಊರುಗಳಲ್ಲಿ ಮದುವೆಯಾದರೆ ಹೆಣ್ಣು ಕಳಿಸಲು ಚಿಕ್ಕಪ್ಪನ ಕಾರೇ ಆಗಬೇಕು. ರಾಹುಕಾಲ ಹುಟ್ಟುವುದರೊಳಗೆ ಹೆಣ್ಣು ಕಾರು ಹತ್ತಿ ಗಾಲಿ ಉರುಳಬೇಕು ಎಂಬುದು ಹಿರಿಯರ ಕಟ್ಟಳೆ. ನೆರೆದವರ ಕೈಗಡಿಯಾರಗಳು ಒಂದೊಂದೂ ಒಂದೊಂದು ಹೊತ್ತು ಹೇಳಿ ಬೀಗರ ನಡುವೆ ಮಾತು ಬೆಳೆಯುವುದು ಬೇಡವೆಂದು, ರೇಡಿಯೋ ಹೊತ್ತಿಗೆ ಕೂಡಿಸಿದ ಕಾರಿನ ಗಡಿಯಾರವನ್ನೇ ಎಲ್ಲರೂ ಒಪ್ಪುತ್ತಿದ್ದರು. ಅವನ ಕಾರು ಒಂದು ಸಲವೂ ರಾಹುಕಾಲಕ್ಕೆ ಸಿಕ್ಕಿಲ್ಲ ಎಂದು ನ್ಯಾಮತಿಯವರೆಗೂ ಹೆಸರಿತ್ತು. ಹೇಗೆ ಸಿಕ್ಕೀತು? ಮಡಿಲಕ್ಕಿ ತುಂಬಿದ ತಾಯಿ ಮಗಳನ್ನು ತಬ್ಬಿಕೊಂಡು ಬಿಡಲಾರದೆ ನಿಂತಾಗ ಚಿಕ್ಕಪ್ಪ ಗಾಜು ಒರೆಸುವ ನೆಪದಲ್ಲಿ ಒಳಗೆ ಬಗ್ಗಿ ಮುಳ್ಳನ್ನು ಹತ್ತು ನಿಮಿಷ ಹಿಂದಕ್ಕೆ ಎಳೆದುಬಿಡುತ್ತಿದ್ದ. ಊರಿಗೆಲ್ಲ ಸರಿಯಾದ ಹೊತ್ತು ಹೇಳುತ್ತಿದ್ದ ಮನುಷ್ಯ, ಅಳುವ ತಾಯಂದಿರ ಮಟ್ಟಿಗೆ ಮಾತ್ರ ಹೀಗೆ ಕೆಟ್ಟುಹೋಗಿದ್ದ. ಮುಂದಿನ ಸೀಟಿನಲ್ಲಿ ಕೂತು ಮೆರೆಯುತ್ತಿದ್ದ ನನಗೊಬ್ಬಳಿಗೇ ಆ ಗುಟ್ಟು ಗೊತ್ತು ಎಂದುಕೊಂಡಿದ್ದೆ.

ಗಿರಿಜತ್ತೆಯನ್ನು ಜಗಳೂರಿಗೆ ಕೊಟ್ಟರು. ಕಳಿಸಿಕೊಟ್ಟದ್ದು ಒಂದು ಭಾನುವಾರ, ನಾಲ್ಕೂವರೆಗೆ ರಾಹುಕಾಲ. ಜಗಲಿಯ ಮೇಲೆ ಅಜ್ಜಿ ಅತ್ತೆಯ ಕೈ ಹಿಡಿದು ಕೂತಿದ್ದಳು. ನಾನು ಕಾರಿನೊಳಗೆ ಸೇರಿಕೊಂಡು ಚಿಕ್ಕಪ್ಪನ ಅಂಗಿ ಎಳೆದೆ. "ಹಿಂದಕ್ಕೆ ತಿರುಗ್ಸು ಚಿಕ್ಕಪ್ಪ." ತಿರುಗಿಸಿದ. ಗಂಡಿನ ಕಡೆಯ ಹಿರಿಯರು ಕಿಟಕಿಯಲ್ಲಿ ಇಣುಕಿ, "ಟೈಮ್ ಎಷ್ಟಾತ್ರಿ?" ಎಂದರು. "ಇನ್ನೂ ಐತ್ರಿ, ಕುಂದುರ್ರಿ" ಎಂದ. ನಾನು ಮತ್ತೆ ಎಳೆದೆ, ಅವನು ಮತ್ತೆ ತಿರುಗಿಸಿದ. ಮೂರನೆಯ ಸಲ ಅವನ ಕೈ ತಿರುಪಿನ ಮೇಲೇ ನಿಂತಿತು. "ಇದನ್ನ ಎಷ್ಟಾರ ತಿರುಗಿಸಬೌದು ಮಗಾ. ಅಲ್ಲಿ ಬಿಸಿಲು ನೋಡು, ಗ್ವಾಡೆ ಹತ್ತೈತೆ. ಅವಳು ಹೋಗಬೇಕು" ಎಂದವನು ಗಾಜು ಒರೆಸುವ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡ. ಅವನಿಗೂ ಅವಳು ಒಬ್ಬಳೇ ತಂಗಿ ಎಂಬುದು ಆವರೆಗೆ ನನಗೆ ಹೊಳೆದಿರಲಿಲ್ಲ. ಅತ್ತೆ ಕಾರು ಹತ್ತಿದಳು, ನನ್ನನ್ನು ಇಳಿಸಿದರು. ಆ ರಾತ್ರಿ ಅಜ್ಜಿ ತನ್ನ ಸೆರಗನ್ನು ನನ್ನ ಕೈಗೆ ಕೊಟ್ಟಳು. ಅದು ಬೇರೆ ವಾಸನೆ. ಅದನ್ನೇ ಹಿಡಿದುಕೊಂಡು ಅತ್ತು ಮಲಗಿದೆ.

ರಾಹುಕಾಲದಲ್ಲೇ ಹೊರಟ ಅತ್ತೆ ಜಗಳೂರಿನಲ್ಲಿ ಚೆನ್ನಾಗಿಯೇ ಬಾಳಿದಳು. ಅಜ್ಜಿ ಹೋದಳು, ಅಪ್ಪ ಹೋದ. ಕಾರು ಗುಜರಿಗೆ ಹೋದ ಮೇಲೆ ಚಿಕ್ಕಪ್ಪನೂ ಹೆಚ್ಚು ದಿನ ಇರಲಿಲ್ಲ. ಆ ಮನೆಯಲ್ಲಿದ್ದವರ ಪೈಕಿ ನಾವಿಬ್ಬರೇ ಉಳಿದೆವು. ಹೋದ ವರ್ಷ ಅತ್ತೆಯ ಎದೆನೋವು ಹೆಚ್ಚಾಗಿದೆ ಎಂದು ಕೇಳಿ ಇದೇ ಕಾರಿನಲ್ಲಿ ನೋಡಲು ಹೋಗಿದ್ದೆ. ಹೊರಡುವಾಗ ಮಗನ ತೋಳು ಹಿಡಿದು ಕಾರಿನವರೆಗೆ ಬಂದವಳು, ಬೇಡವೆಂದರೂ ಕೇಳದೆ ಪಕ್ಕದ ಸೀಟಿನಲ್ಲಿ ಕೂತುಬಿಟ್ಟಳು. ಅಂದು ಗುರುವಾರ, ರಾಹುಕಾಲ ಹತ್ತಿರ ಬಂದಿತ್ತು. ಗಡಿಯಾರ ನೋಡಿ ನಕ್ಕಳು.

"ನನ್ನ ಕಳಿಸಿದ ದಿನ ನನ್ನ ಕೈಯಾಗೆ ನಿಮ್ಮ ಮಾವ ಕೊಟ್ಟ ವಾಚಿತ್ತು ಕಣೇ. ಟೈಮ್ ಸರಿಯಾಗೇ ತೋರಿಸ್ತಿತ್ತು. ಅದರ ಮ್ಯಾಲೆ ಸೆರಗು ಮುಚ್ಕಂಡು ಕುಂತಿದ್ದೆ."

ನಾನು ಅವಳ ಕಡೆ ತಿರುಗಿದೆ. ಅವಳೇ ಮುಂದುವರಿಸಿದಳು. "ಒಂದೀಟು ಹಿಂದಕ್ಕೆ ತಿರುಗ್ಸು ನೋಡಾನ, ಅಣ್ಣ ಮಾಡ್ತಿದ್ದ ಹಂಗೆ."

"ಇದು ಹಿಂದಕ್ಕೆ ಬರಲ್ಲತ್ತೆ. ಮುಂದಕ್ಕೆ ಪೂರ್ತಿ ಸುತ್ತಿಸ್ಕಂಡೇ ಬರಬೇಕು."

"ಹಂಗಾರೆ ಸುತ್ತಿಸು. ಅಲ್ಲಿಗಂಟ ಕುಂತಿರ್ತೀನಿ."

ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ ಒಂದೊಂದೇ ನಿಮಿಷ ಒತ್ತಿದೆ. ಅತ್ತೆ ನನ್ನ ಬೆರಳನ್ನೇ ನೋಡುತ್ತಾ ಕೂತಿದ್ದಳು. ಅವಳ ಸೆರಗಿನ ತುದಿ ಗೇರಿನ ಮೇಲೆ ಬಿದ್ದಿತ್ತು, ನಾನು ಅದನ್ನು ಎಡಗೈಯಲ್ಲಿ ಹಿಡಿದುಕೊಂಡೆ. ಅವಳು ಸೆರಗನ್ನು ಇನ್ನೊಂದಿಷ್ಟು ಸಡಿಲ ಬಿಟ್ಟಳು. ದೀಪಾವಳಿಗೆ ಮುಂಚೆಯೇ ಜಗಳೂರಿನಿಂದ ಫೋನು ಬಂತು.

ಗ್ಯಾರೇಜಿನ ಮುಂದೆ ಕೂತು ಒತ್ತುತ್ತಿದ್ದವಳಿಗೆ ಇದೆಲ್ಲ ನೆನಪಾಯಿತು. ಮೆಕ್ಯಾನಿಕ್ ನನ್ನ ಹಿಂದೆ ನಿಂತಿದ್ದ ಇನ್ನೊಂದು ಗಾಡಿಗೆ ದಾರಿ ಬಿಡಿ ಎಂದು ಕೈ ಮಾಡುತ್ತಿದ್ದ. ಪಕ್ಕದ ಸೀಟಿನ ಮೇಲೆ ಬಿಸಿಲು ಬಿದ್ದಿತ್ತು. ಅಷ್ಟರಲ್ಲಿ ಸರಿಯಾದ ನಿಮಿಷ ಬಂತು. ಬೆರಳು ತೆಗೆಯಬೇಕಿತ್ತು. ಇನ್ನೊಂದು ಸಲ ಒತ್ತಿದೆ.