ಸುಂದ್ರಮ್ಮನ ವಡೆ, ಪುಟ್ಟಬಸಪ್ಪನವರ ತಟ್ಟೆ

ಎಣ್ಣೆಯಿಂದ ಎದ್ದ ಮೊದಲ ವಡೆಯನ್ನು ಸುಂದ್ರಮ್ಮ ಯಾವತ್ತೂ ಮಾರಿದವಳಲ್ಲ. ಗುಂಡ್ಲುಪೇಟೆ ಬಸ್ ನಿಲ್ದಾಣದ ಹಿಂದೆ, ಬೇಲಿಯ ಪಕ್ಕ ಗಾಡಿ ನಿಲ್ಲಿಸಿ, ಸ್ಟೌವ್‌ಗೆ ಗಾಳಿ ಹೊಡೆದು ಬಾಣಲೆ ಇಟ್ಟಳೆಂದರೆ, ಸೆರಗಿನಲ್ಲಿ ಕೈ ಒರೆಸಿಕೊಂಡು ಗೋಪಾಲಸ್ವಾಮಿ ಬೆಟ್ಟದ ದಿಕ್ಕಿಗೆ ತಿರುಗಿ ಕೈ ಮುಗಿಯುವಳು. ಅಲ್ಲಿಂದ ಬೆಟ್ಟವೇನೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಸೈಕಲ್ ಷಾಪಿನ ಗೋಡೆ. ನಮಸ್ಕಾರವನ್ನು ಗೋಡೆಗೆ ಒಪ್ಪಿಸಿಬಿಟ್ಟರೆ ಅಲ್ಲಿಂದ ಮುಂದಕ್ಕೆ ತರಿಸಿಕೊಳ್ಳುವುದು ದೇವರ ಕೆಲಸ ಎಂದು ಅವಳು ನಂಬಿದ್ದಳು. ಆಮೇಲೆ ಮೊದಲ ವಡೆಯನ್ನು ಬಾಳೆಎಲೆಯ ಚೂರಿನ ಮೇಲಿಟ್ಟು ಕಾಯುವಳು. ಹಂಗಳದ ಕಡೆಯಿಂದ ಬರುವ ಸಂಜೆ ಬಸ್ಸಿನಿಂದ ಯಾರು ಮೊದಲು ಇಳಿಯುತ್ತಾರೋ ಅವರಿಗೆ ಆ ವಡೆ. ಬಸ್ಸು ಬರುವುದು ಬೆಟ್ಟದ ಕಡೆಯಿಂದ. ಗೋಪಾಲ ಯಾರನ್ನು ಮೊದಲು ಇಳಿಸುತ್ತಾನೋ ಅವರ ಬಾಯಿಂದಲೇ ತಿನ್ನುತ್ತಾನೆ ಎಂಬುದು ಅವಳ ಭಾವ.

ಈ ವಿಷಯ ಬಸ್ಸಿನವರಿಗೆ ಗೊತ್ತಾದ ಮೇಲೆ ಗೋಪಾಲನ ಆಯ್ಕೆಯಲ್ಲಿ ಮನುಷ್ಯರ ಕೈವಾಡ ಶುರುವಾಯಿತು. ಹಂಗಳದ ಮೂಗಯ್ಯ ಸೀಟು ಖಾಲಿ ಇದ್ದರೂ ಕೂರದೆ ಬಾಗಿಲಿಗೆ ಜೋತುಬಿದ್ದೇ ಬರುತ್ತಿದ್ದ. ಒಂದು ದಿನ ಬಸ್ಸು ನಿಲ್ಲುವ ಮೊದಲೇ ಹಾರಿ, ಮಂಡಿ ತರಚಿಕೊಂಡು ಬಂದು ಕೈ ಒಡ್ಡಿದ. ಸುಂದ್ರಮ್ಮ ವಡೆಯನ್ನೂ ಕೊಟ್ಟಳು, ಮಂಡಿಗೆ ಅರಿಸಿನವನ್ನೂ ಮೆತ್ತಿದಳು.

"ಗೋಪಾಲ ಇಂಗೆ ಬಿದ್ದು ಎದ್ದು ಬರಾಕಿಲ್ಲ ಕಣ್ಲಾ" ಎಂದಳು.

ಅವಳ ವಡೆಗೆ ಅಂಥ ಹೆಸರಿತ್ತು. ಕಡಲೆಬೇಳೆಯನ್ನು ಒರಳಿನಲ್ಲಿ ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪನ್ನು ಕೈತುಂಬ ಹಾಕಿ ತಟ್ಟುತ್ತಿದ್ದಳು. ಜೊತೆಗೆ ಹುಚ್ಚೆಳ್ಳಿನ ಚಟ್ನಿ. ಎಲ್ಲವನ್ನೂ ಕೊಡುತ್ತಿದ್ದುದು ಬಾಳೆಎಲೆಯ ಮೇಲೆಯೇ. ತಟ್ಟೆ ಇಟ್ಟ ಗಾಡಿಗಳಲ್ಲಿ ಒಂದೇ ಬಕೆಟ್ ನೀರಿನಲ್ಲಿ ಸಂಜೆಯೆಲ್ಲ ತಟ್ಟೆ ಮುಳುಗಿಸಿ ತೆಗೆಯುವುದನ್ನು ನೋಡಿದರೆ ಅವಳಿಗೆ ಮೈ ಜುಮ್ಮೆನ್ನುತ್ತಿತ್ತು. ಗೋಪಾಲ ತಿನ್ನುವ ಜಾಗದಲ್ಲಿ ಅಂಥದ್ದು ಕೂಡದು ಎಂದಿದ್ದಳು. ತಿಂದವರು ಎಲೆಯನ್ನು ಬೇಲಿಯಾಚೆ ಎಸೆದರೆ ಬೀದಿಯ ಬಸವ ಬಂದು ತಿನ್ನುತ್ತಿತ್ತು. ಅಲ್ಲಿಗೆ ಅಂಗಡಿಯೂ ಚೊಕ್ಕಟ, ಬಸವನಿಗೂ ಊಟ.

ಇಷ್ಟು ನೆಮ್ಮದಿಯಾಗಿ ನಡೆಯುತ್ತಿದ್ದ ಗಾಡಿಗೆ ಕುತ್ತು ತಂದವರು ಪುಟ್ಟಬಸಪ್ಪನವರು. ಪಾಪ, ಅದು ಅವರಿಗೇ ಗೊತ್ತಿರಲಿಲ್ಲ.

ಪುಟ್ಟಬಸಪ್ಪನವರು ಚಾಮರಾಜನಗರದ ಅರಿಸಿನದ ದಲ್ಲಾಳಿ. ಹಣೆತುಂಬ ವಿಭೂತಿ, ಎದೆಯ ಮೇಲೆ ಲಿಂಗ. ಬೆಳಗಿನ ಪೂಜೆ ಆಗದೆ ತೊಟ್ಟು ನೀರು ಕುಡಿಯದ ಮನುಷ್ಯ. ಆದರೆ ಪೂಜೆ ಮುಗಿದ ಮೇಲೆ ಅವರ ನಾಲಿಗೆಗೆ ಯಾರ ಕಡಿವಾಣವೂ ಇರಲಿಲ್ಲ. ಚಾಮರಾಜನಗರದ ಚುರುಮುರಿ, ತಮಿಳುನಾಡಿನ ಗಡಿಯಿಂದ ಬರುವ ಅಜ್ಜಿಯ ಕಡಲೆಕಾಳಿನ ಸುಂಡಲ್, ಗುಂಡ್ಲುಪೇಟೆಯ ಹೆದ್ದಾರಿಯಲ್ಲಿ ಕೇರಳದ ಲಾರಿಯವರಿಗೆಂದೇ ಬಾಳೆಹಣ್ಣು ಸೀಳಿ ಕರಿಯುವ ಪಳಂಪೊರಿ, ಯಾವುದನ್ನೂ ಬಿಟ್ಟವರಲ್ಲ. ತಿನ್ನುವ ಮುಂಚೆ ಅಂಗಿಯ ಮೇಲಿಂದಲೇ ಲಿಂಗ ಮುಟ್ಟಿಕೊಳ್ಳುವರು. ಲಿಂಗಕ್ಕೆ ತೋರಿಸಿದ ಮೇಲೆ ಎಲ್ಲವೂ ಪ್ರಸಾದವೇ. ಪ್ರಸಾದವನ್ನು ಚೆನ್ನಾಗಿದೆ, ಚೆನ್ನಾಗಿಲ್ಲ ಎನ್ನಬಾರದು, ಒಂದು ಅಗುಳೂ ಬಿಡಬಾರದು ಎಂದು ಅವರ ಅಜ್ಜಿ ಕಲಿಸಿದ್ದರು. ಆದ್ದರಿಂದ ತಿಂದಾದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಲ್ಲಿ ಸುತ್ತಲೂ ತೊಳೆದು, ಆ ನೀರನ್ನು ಕುಡಿದುಬಿಡುವರು. ಮನೆಯಲ್ಲಾದರೂ ಅಷ್ಟೇ, ಬೀದಿಯಲ್ಲಾದರೂ ಅಷ್ಟೇ.

ಮನೆಯ ನಡುಮನೆಯಲ್ಲಿ ಹಿರಿಯರು ಹೀಗೆ ಮಾಡುವುದನ್ನು ನೋಡಿದವರು ಊರಿನಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ಅದನ್ನೇ ಮಸಾಲೆಪುರಿ ಗಾಡಿಯ ಮುಂದೆ ಕಂಡಾಗ ಗೊತ್ತಿದ್ದವರಿಗೂ ಗೊತ್ತಾಗಲಿಲ್ಲ. ಗೊತ್ತಿಲ್ಲದ ರಾಜಶೇಖರನಿಗಂತೂ ಕಣ್ಣೇ ತೆರೆದಂತಾಯಿತು.

ಚಾಮರಾಜನಗರ ಆಗಷ್ಟೇ ಹೊಸ ಜಿಲ್ಲೆಯಾಗಿತ್ತು. ಹೊಸ ಕಚೇರಿಗಳಿಗೆ ವರ್ಗವಾಗಿ ಬಂದ ಗುಮಾಸ್ತರಲ್ಲಿ ಈ ರಾಜಶೇಖರನೂ ಒಬ್ಬ. ಹೆಂಡತಿ ಕೋಲಾರದಲ್ಲಿ, ಬಾಡಿಗೆ ರೂಮಿನಲ್ಲಿ ಒಲೆ ಇಲ್ಲ, ಸಂಜೆಯಾದರೆ ಹೊಟ್ಟೆ ಸುಮ್ಮನಿರುವುದಿಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಊರಿನ ಬೀದಿ ತಿಂಡಿಯಲ್ಲಿ ಅತ್ಯುತ್ತಮವಾದದ್ದು ಯಾವುದೆಂದು ಕಂಡುಹಿಡಿಯಲು ಕಚೇರಿಯ ಇಬ್ಬರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟಿದ್ದ. ಚಾಮರಾಜನಗರದ ಗಾಡಿಯೊಂದರ ಮುಂದೆ ಪುಟ್ಟಬಸಪ್ಪನವರು ಮಸಾಲೆಪುರಿ ತಟ್ಟೆಯನ್ನು ತೊಳೆದು ಕುಡಿದದ್ದನ್ನು ನೋಡಿದ. ನಲವತ್ತು ವರ್ಷ ಬೀದಿಯಲ್ಲಿ ತಿಂದ ಹಿರಿಯರು, ತಟ್ಟೆ ತೊಳೆದ ನೀರನ್ನೂ ಬಿಡಲಾರದಷ್ಟು ರುಚಿ ಎಂದ ಮೇಲೆ ಇನ್ನೇನು ಬೇಕು ಎಂದು ಕಚೇರಿಯಲ್ಲೆಲ್ಲ ಸಾರಿದ. ಮರುದಿನ ಆ ಗಾಡಿಯ ಮುಂದೆ ನಿಲ್ಲಲು ಜಾಗವಿರಲಿಲ್ಲ.

ಅಲ್ಲಿಂದ ಪುಟ್ಟಬಸಪ್ಪನವರು ಎಲ್ಲಿ ತಟ್ಟೆ ತೊಳೆದರೋ ಅಲ್ಲಿಗೆ ಜನ. ಅವರು ಬಾಯಿಬಿಟ್ಟು ಏನೂ ಹೇಳದಿರುವುದು ಅವರ ತೂಕವನ್ನು ಇನ್ನಷ್ಟು ಹೆಚ್ಚಿಸಿತು. ಗಾಡಿಯವರು ಕಾಗದ ಬಿಟ್ಟು ಸ್ಟೀಲು ತಟ್ಟೆ ತಂದರು. ಅವರು ಬಂದರೆ ಬೆಂಚು ಒರೆಸಿದರು. ಯಾಕೆ ಇಷ್ಟು ಮರ್ಯಾದೆ ಎಂದು ಪುಟ್ಟಬಸಪ್ಪನವರಿಗೆ ಮಾತ್ರ ತಿಳಿಯದು. ವಿಭೂತಿಯ ಮಹಿಮೆ ಇರಬೇಕು ಎಂದುಕೊಂಡು ತಿನ್ನುತ್ತಾ ಹೋದರು.

ಸುಂದ್ರಮ್ಮನ ಎದುರಿಗೆ ದೊಡ್ಡಮಲ್ಲಪ್ಪ ಮಸಾಲೆಪುರಿ ಗಾಡಿ ಹಾಕಿದ್ದು ಇದೇ ಸಮಯಕ್ಕೆ. ಅವನ ಪುರಿ ಚಪ್ಪಲಿಯ ಅಟ್ಟೆಯಂತೆ. ಒಂದು ಸಂತೆಯ ದಿನ ಪುಟ್ಟಬಸಪ್ಪನವರು ಅದನ್ನೂ ಹಲ್ಲುಕಚ್ಚಿ ಮುಗಿಸಿ, ಕ್ರಮದಂತೆ ತಟ್ಟೆ ತೊಳೆದು ಕುಡಿದರು. ಮರುದಿನ ಅವನ ಗಾಡಿಯ ನೆತ್ತಿಯಲ್ಲಿ ಬೋರ್ಡು ಬಂತು: ಪುಟ್ಟಬಸಪ್ಪನವರು ತಟ್ಟೆ ತೊಳೆದು ಕುಡಿದ ಮಸಾಲೆಪುರಿ. ಸುಂದ್ರಮ್ಮನ ಗಿರಾಕಿಗಳು ಒಬ್ಬೊಬ್ಬರಾಗಿ ರಸ್ತೆ ದಾಟಿದರು. ದಾಟಿದವರು ಪುರಿ ಜಗಿಯಲಾಗದೆ ಒದ್ದಾಡಿದರೂ ಚೆನ್ನಾಗಿಲ್ಲ ಎನ್ನಲು ಅಂಜಿದರು. ದೊಡ್ಡವರಿಗೆ ರುಚಿಸಿದ್ದು ತಮಗೆ ರುಚಿಸದಿದ್ದರೆ ದೋಷ ತಮ್ಮ ನಾಲಿಗೆಯದೇ ಇರಬೇಕಲ್ಲ.

ತಮಾಷೆಯೆಂದರೆ, ಪುಟ್ಟಬಸಪ್ಪನವರು ಸಂತೆಗೆ ಬಂದಾಗಲೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದುದು ಸುಂದ್ರಮ್ಮನ ಗಾಡಿಯ ಹತ್ತಿರವೇ. ಎಲೆಯನ್ನು ತೊಳೆದು ಕುಡಿಯುವುದು ಹೇಗೆ? ಬೆರಳಿನಿಂದ ಬಳಿದು ಬಳಿದು ತಿನ್ನುವರು. ಅವರು ಎಸೆದ ಎಲೆಯನ್ನು ಬಸವ ಮೂಸಿ ನೋಡಿ, ಚಟ್ನಿಯ ವಾಸನೆಯೂ ಸಿಗದೆ ಬೇಸರದಿಂದ ಮುಖ ತಿರುಗಿಸುತ್ತಿತ್ತು. ಜನ ಇದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ತಟ್ಟೆ ಇಲ್ಲ, ತೊಳೆಯುವುದಿಲ್ಲ, ಹಾಗಾದರೆ ವಿಧವೆಯ ಮೇಲಿನ ಕನಿಕರಕ್ಕೆ ತಿನ್ನುತ್ತಾರೆ ಎಂದು ಆಡಿಕೊಂಡರು.

ಆ ಮಾತು ಸುಂದ್ರಮ್ಮನ ಕಿವಿಗೂ ಬಿತ್ತು. ರುಬ್ಬಿದ ಹಿಟ್ಟು ಉಳಿಯತೊಡಗಿತ್ತು. ಹೀಗೇ ಹೋದರೆ ಯುಗಾದಿಯ ಹೊತ್ತಿಗೆ ಗಾಡಿ ಮಾರಿ ಹಂಗಳದ ತಮ್ಮನ ಮನೆ ಸೇರಬೇಕು. ತಮ್ಮ ಒಳ್ಳೆಯವನೇ. ಅವನ ಹೆಂಡತಿ ಮಂಗಳಗೌರಿಯೂ ಕೆಟ್ಟವಳಲ್ಲ. ಆದರೆ ಅವಳ ಸಾರು! ಉಪ್ಪು ಹಾಕಿದ ದಿನ ಹುಳಿ ಇಲ್ಲ, ಹುಳಿ ಹಾಕಿದ ದಿನ ಬೇಳೆ ಬೇಯುವುದಿಲ್ಲ. ಉಳಿದ ಆಯುಷ್ಯವೆಲ್ಲ ಆ ಸಾರಿನಲ್ಲಿ ಕಲಸಿ ಉಣ್ಣುವುದನ್ನು ನೆನೆಸಿಕೊಂಡರೆ ಸುಂದ್ರಮ್ಮನ ಕಣ್ಣಲ್ಲಿ ನೀರು ಬರುತ್ತಿತ್ತು. ಸೈಕಲ್ ಷಾಪಿನ ಗೋಡೆಗೆ ಕೈಮುಗಿದು, ನೀನೇ ಒಂದು ದಾರಿ ತೋರಿಸಪ್ಪ, ಇಲ್ಲದಿದ್ದರೆ ಅವಳಿಗಾದರೂ ಅಡಿಗೆ ಕಲಿಸು ಎಂದು ಬೇಡಿಕೊಂಡಳು.

ಎರಡರಲ್ಲಿ ಸುಲಭವಾದದ್ದನ್ನೇ ದೇವರು ಆರಿಸಿಕೊಂಡ.

ಮುಂದಿನ ಸಂತೆಯ ದಿನ ಸಂಜೆ ಮೊದಲ ವಡೆ ಎಲೆಯ ಮೇಲೆ ಕಾದಿತ್ತು. ಹಂಗಳದ ಬಸ್ಸು ಬಂತು. ಬಾಗಿಲಲ್ಲಿ ಎಂದಿನಂತೆ ಮೂಗಯ್ಯ ಜೋತುಬಿದ್ದಿದ್ದ. ಆದರೆ ಅವನ ಹಿಂದೆ ಅರಿಸಿನದ ಮಾದರಿ ಚೀಲ ಹಿಡಿದು ಹಿರಿಯರೊಬ್ಬರು ಇಳಿಯಲು ನಿಂತಿದ್ದರು. ಹಿರಿಯರಿಗಿಂತ ಮುಂಚೆ ಹಾರಲು ಮೂಗಯ್ಯನಿಗೂ ಮನಸ್ಸು ಬರದೆ ಪಕ್ಕಕ್ಕೆ ಸರಿದ. ಇಳಿದವರು ಪುಟ್ಟಬಸಪ್ಪನವರು. ಹಂಗಳದ ಹೊಲಗಳಲ್ಲಿ ಅರಿಸಿನ ನೋಡಿಕೊಂಡು ಬಂದಿದ್ದರು.

ಸುಂದ್ರಮ್ಮ ಎರಡೂ ಕೈಯಲ್ಲಿ ಎಲೆ ಹಿಡಿದು ಮುಂದೆ ನಿಂತಳು. ಗೋಪಾಲನ ವಡೆ ಎಂದು ತಿಳಿದು ಅವರು ಲಿಂಗ ಮುಟ್ಟಿಕೊಂಡು ತೆಗೆದುಕೊಂಡರು. ಅದೇ ಹೊತ್ತಿಗೆ ರಾಜಶೇಖರನ ಸ್ಕೂಟರು ಬಂದು ಎದುರು ಗಾಡಿಯ ಮುಂದೆ ನಿಂತಿತು. ಪುಟ್ಟಬಸಪ್ಪನವರನ್ನು ಕಂಡು ಅವನೂ ಸ್ನೇಹಿತರೂ ಓಡಿಬಂದರು. ದೊಡ್ಡಮಲ್ಲಪ್ಪ ಅವರಿಗೆಂದು ತೊಳೆದ ತಟ್ಟೆ ಹಿಡಿದುಕೊಂಡೇ ಬಂದ. ಸಂತೆ ಮುಗಿಸಿ ಹೊರಟವರೂ ಸುತ್ತ ನೆರೆದರು.

ಚಿಕ್ಕಂದಿನಲ್ಲಿ ಸುಂದ್ರಮ್ಮ ಹಂಗಳದ ಒಬ್ಬ ಜಮೀನ್ದಾರರ ಮನೆಯಲ್ಲಿ ಕಸಮುಸುರೆ ಮಾಡಿಕೊಂಡಿದ್ದವಳು. ಲಿಂಗ ಕಟ್ಟಿದ ಆ ಮನೆಯ ಹಿರಿಯರು ರುಚಿ ಇದ್ದರೂ ಇಲ್ಲದಿದ್ದರೂ ತಟ್ಟೆ ತೊಳೆದು ಕುಡಿಯುತ್ತಿದ್ದುದರಿಂದ ಅವರ ತಟ್ಟೆಗಳನ್ನು ತೊಳೆಯುವ ಕೆಲಸವೇ ಇರುತ್ತಿರಲಿಲ್ಲ ಎಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಇಷ್ಟು ದಿನ ಅದನ್ನು ಅವಳು ಹೇಳಿದ್ದರೆ ಹೊಟ್ಟೆಕಿಚ್ಚು ಎನ್ನುತ್ತಿದ್ದರು. ಇವತ್ತು ಗೋಪಾಲನೇ ಸಾಕ್ಷಿಯನ್ನು ಬಸ್ಸು ಹತ್ತಿಸಿ ಕಳಿಸಿದ್ದ.

"ಯಜಮಾನ್ರೆ, ಒಂದ್ ಮಾತ್ ಕೇಳ್ತೀನಿ. ಗೋಪಾಲನ್ ವಡೆ ಕೈಲದೆ, ಸುಳ್ಳ್ ಯೋಳ್ಬ್ಯಾಡಿ" ಎಂದಳು. "ಮನೇಲಿ ಹಾಗಲಕಾಯಿ ಪಲ್ಯ ಸೀದೋಗಿದ್ರೂ ತಟ್ಟೆ ತೊಳ್ದು ಕುಡೀತೀರಾ?"

"ಕುಡೀದೆ ಏನವ್ವ? ಪ್ರಸಾದ ಅಲ್ವಾ?"

ರಾಜಶೇಖರನ ಮುಖ ಸ್ವಲ್ಪ ಇಳಿಯಿತು.

"ಮಲ್ಲಪ್ಪನ್ ಗಾಡೀಲಿ ಯಾವತ್ತಾರ ಇನ್ನೊಂದ್ ತಟ್ಟೆ ಕೇಳಿದ್ದೀರಾ?"

ಪುಟ್ಟಬಸಪ್ಪನವರು ದೊಡ್ಡಮಲ್ಲಪ್ಪನ ಕಡೆ ನೋಡಿದರು, ಕೈಯಲ್ಲಿದ್ದ ವಡೆಯ ಕಡೆ ನೋಡಿದರು. ಚೆನ್ನಾಗಿಲ್ಲ ಎನ್ನುವಂತಿರಲಿಲ್ಲ. ಸುಳ್ಳು ಹೇಳುವಂತೆಯೂ ಇರಲಿಲ್ಲ.

"ಇಲ್ಲ ಕಣವ್ವ. ಅಲ್ಲಿ ಒಂದರಲ್ಲೇ ದವಡೆ ತುಂಬೋಗ್ತದೆ."

"ನನ್ ಗಾಡೀಲಿ?"

ಅವರು ಆಗಲೇ ಗೋಪಾಲನ ವಡೆಯನ್ನು ಮುಗಿಸಿ ಎಲೆ ಬಳಿಯುತ್ತಿದ್ದರು. ಖಾಲಿ ಎಲೆಯನ್ನು ಅವಳ ಮುಂದೆ ಹಿಡಿದು, "ಇನ್ನೊಂದ್ ಹಾಕು" ಎಂದರು.

ಮೊದಲು ನಕ್ಕವನು ಮೂಗಯ್ಯ. ಆಮೇಲೆ ಸಂತೆಯೇ ನಕ್ಕಿತು. ಇಷ್ಟು ದಿನ ದವಡೆ ನೋವನ್ನು ನುಂಗಿಕೊಂಡಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡು, ನಿನಗೂ ಹಾಗೇ ಆಗಿತ್ತಾ ಎಂದು ವಿಚಾರಿಸಿಕೊಂಡರು. ರಾಜಶೇಖರ ತಾನು ಎರಡು ಊರು ಸುತ್ತಿ ಮಾಡಿದ ಸಂಶೋಧನೆಯನ್ನು ನೆನೆದು ತಾನೂ ನಗಾಡಿದ. ಆಮೇಲೆ ಎಲೆಗೆ ಕೈ ಒಡ್ಡಿದ. ಮೂರನೆಯ ವಡೆಯ ಹೊತ್ತಿಗೆ ಅವನು ಮಾತಾಡುವುದನ್ನೇ ಬಿಟ್ಟಿದ್ದ.

ದೊಡ್ಡಮಲ್ಲಪ್ಪ ತಟ್ಟೆ ಹಿಡಿದುಕೊಂಡು ಹಾಗೇ ನಿಂತಿದ್ದ. ಸುಂದ್ರಮ್ಮ ಆ ತಟ್ಟೆಗೇ ಎರಡು ವಡೆ ಹಾಕಿದಳು. ನಿನ್ನೆಯ ಪುರಿಯನ್ನು ಇವತ್ತು ಮತ್ತೆ ಕರಿಯಬೇಡ, ಬೋರ್ಡು ಇಳಿಸಿ ಎಣ್ಣೆ ಬದಲಾಯಿಸು ಎಂದು ಮೆಲ್ಲಗೆ ಹೇಳಿದಳು. ಅವನು ಮುನಿಸಿಕೊಂಡ ಮುಖದಲ್ಲೇ ಎರಡನ್ನೂ ತಿಂದ.

ಅವತ್ತು ಹಿಟ್ಟು ಉಳಿಯಲಿಲ್ಲ. ಮುಂದಿನ ಸಂತೆಗೂ ಉಳಿಯಲಿಲ್ಲ. ಯುಗಾದಿ ಬಂತು, ಹೋಯಿತು. ಸುಂದ್ರಮ್ಮ ಹಂಗಳಕ್ಕೆ ಹೋದದ್ದು ಹಬ್ಬದ ಒಂದು ದಿನಕ್ಕೆ ಮಾತ್ರ, ಅದೂ ಒಬ್ಬಟ್ಟಿನ ಸಾರನ್ನು ತಾನೇ ಮಾಡಿಕೊಂಡು.

ಕಷ್ಟಕ್ಕೆ ಬಿದ್ದವರು ಪುಟ್ಟಬಸಪ್ಪನವರೇ. ರಾಜಶೇಖರ ಹೊಸ ಅಳತೆ ಕಂಡುಹಿಡಿದಿದ್ದ: ತಟ್ಟೆ ತೊಳೆದರೆ ಲೆಕ್ಕವಿಲ್ಲ, ಇನ್ನೊಂದು ಕೇಳಿದರೆ ಮಾತ್ರ ಲೆಕ್ಕ. ಈಗ ಅವರು ಯಾವ ಗಾಡಿಯ ಮುಂದೆ ನಿಂತರೂ ಹತ್ತಾರು ಕಣ್ಣುಗಳು ಅವರ ಬಾಯಿಯನ್ನೇ ನೋಡುತ್ತಿದ್ದವು. ಒಂದು ಕಡೆ ಕೇಳಿದರೆ ಪಕ್ಕದವನಿಗೆ ಬೇಜಾರು. ಅದಕ್ಕೆ ಎಲ್ಲ ಕಡೆಯೂ ಒಂದೇ ತಿಂದು, ಅರೆಹೊಟ್ಟೆಯಲ್ಲಿ ಸುಂದ್ರಮ್ಮನ ಗಾಡಿಗೆ ಬಂದು ಉಳಿದರ್ಧವನ್ನು ತುಂಬಿಸಿಕೊಳ್ಳುವರು.

ಹಾಗೆ ಬಂದ ಒಂದು ಸಂಜೆ, ತಮ್ಮ ಅಭ್ಯಾಸದಿಂದ ಅವಳ ಗಾಡಿ ಮುಳುಗುವುದರಲ್ಲಿತ್ತಲ್ಲ ಎಂದು ಬಹಳ ನೊಂದುಕೊಂಡರು. ಪ್ರಾಯಶ್ಚಿತ್ತವಾಗಿ ತಾವೇನಾದರೂ ಮಾಡಬೇಕು ಎಂದರು.

"ಸ್ಟೀಲ್ ತಟ್ಟೆ ತಂದ್ಕೊಡ್ತೀನಿ ಕಣವ್ವ, ಗಾಡಿಗೆ ಎಷ್ಟ್ ಬೇಕೋ ಅಷ್ಟು. ಅಂಗಡೀಲೆ ನಿನ್ ಹೆಸರ್ ಕೆತ್ತಿಸ್ತೀನಿ. ನಾನೂ ನಾಲ್ಕ್ ಜನದ್ ಮುಂದೆ ನಿನ್ ತಟ್ಟೇನ ಸಮಾಧಾನವಾಗಿ ತೊಳ್ದು ಕುಡೀತೀನಿ."

ಸುಂದ್ರಮ್ಮ ಎಣ್ಣೆಯಿಂದ ವಡೆ ತೆಗೆದು, ಎಲೆಯ ಮೇಲೆ ಚಟ್ನಿ ಬಡಿಸಿ ಅವರ ಕೈಗೆ ಕೊಟ್ಟಳು.

"ಬ್ಯಾಡಿ ಯಜಮಾನ್ರೆ" ಎಂದಳು. "ನೀವೇನೋ ನಿಮ್ ತಟ್ಟೆ ತೊಳ್ದು ಕುಡ್ದ್ಬುಡ್ತೀರಿ. ಮಿಕ್ಕೋರ್ ತಟ್ಟೇನ ಯಾರ್ ತೊಳ್ದಾರು?"