ಅಮ್ಮ ಹೇಗೆ ಹೋದಳು

ಮಕ್ಕಳಿಗೆ ಕ್ರಿಯಾವಿಶೇಷಣ ಕಲಿಸಬೇಕು ಎಂದು ಪುಸ್ತಕ ಬರೆದವರು ಒಂದು ಸಲ ಚಿನ್ನದ ಗಣಿಯ ಊರಾದ ಈ ಉರಿಗಾಂಗೆ ಬಂದು ನನ್ನ ಮೂರನೇ ತರಗತಿಯ ಮುಂದೆ ನಿಲ್ಲಬೇಕಿತ್ತು. ಮಕ್ಕಳ ಮನೆಮಾತು ಒಬ್ಬರದು ತಮಿಳು, ಒಬ್ಬರದು ತೆಲುಗು, ಇನ್ನೊಬ್ಬರದು ಕೋಲಾರದ ಕಡೆಯ ಕನ್ನಡ. ಆ ಪದವನ್ನು ಬೋರ್ಡಿನ ಮೇಲೆ ಬರೆದು ಓದಿಸಿದರೆ 'ಕಿರಿಯಾ ಇಸೇಸ' ಎಂಬಲ್ಲಿಗೆ ಎಲ್ಲರ ಉಸಿರೂ ನಿಂತುಹೋಗುತ್ತಿತ್ತು. ಸಾಕಾಗಿ ಹೆಸರನ್ನೇ ಕೈಬಿಟ್ಟೆ. ಕೆಲಸ ಹೇಗೆ ನಡೆಯಿತು ಅಂತ ಹೇಳೋ ಪದ, ಅಷ್ಟು ಗೊತ್ತಾದರೆ ಸಾಕು ಎಂದೆ.

ಅಷ್ಟೂ ಗೊತ್ತಾಗಲಿಲ್ಲ. "ನಾನು ಬೆಳಿಗ್ಗೆ ಶಾಲೆಗೆ ಹೇಗೆ ಬಂದೆ?" ಎಂದು ಕೇಳಿದರೆ "ಟ್ರೈನಲ್ಲಿ ಮಿಸ್" ಎಂದು ಇಡೀ ತರಗತಿ ಕೂಗಿತು. ತಪ್ಪು ಎನ್ನಲು ಬಾಯಿ ಬರಲಿಲ್ಲ. ಬಂಗಾರಪೇಟೆಯಿಂದ ನಾನು ದಿನಾ ಟ್ರೈನಲ್ಲೇ ಬರುವುದು. "ಅದಲ್ಲ, ಬೇಗ ಬಂದೆನಾ, ನಿಧಾನವಾಗಿ ಬಂದೆನಾ?" ಎಂದೆ. "ಲೇಟಾಗಿ ಬಂದ್ರಿ ಮಿಸ್!" ಎಂದು ಕಿಸಕ್ಕನೆ ನಕ್ಕರು. ಉತ್ತರ ಸರಿಯಾಗಿತ್ತು, ಅದಕ್ಕೇ ಇನ್ನಷ್ಟು ಮೈ ಉರಿಯಿತು.

ಆಟ ಆಡಿಸಿದರೆ ಬರುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಸರಿ, ಬಾಗಿಲು ಮುಚ್ಚುವ ಆಟ. ಮೆಲ್ಲಗೆ ಮುಚ್ಚು, ಜೋರಾಗಿ ಮುಚ್ಚು. ಮೆಲ್ಲಗೆ ಮುಚ್ಚಲು ಒಬ್ಬರೂ ಏಳಲಿಲ್ಲ, ಜೋರಾಗಿ ಮುಚ್ಚಲು ಸಾಲು ನಿಂತಿತು. ಚಿಲಕ ಕಿತ್ತು ಕೈಗೆ ಬಂದಮೇಲೆ ಪಕ್ಕದ ಕೋಣೆಯಿಂದ ಮುಖ್ಯೋಪಾಧ್ಯಾಯರು ಇಣುಕಿ, "ಏನ್ರೀ ಮೇಡಂ, ಪಾಠಾನಾ, ಜಗಳಾನಾ?" ಎಂದು ಕೇಳಿ ಉತ್ತರಕ್ಕೂ ಕಾಯದೆ ಹೋದರು.

ಆ ಸಿಟ್ಟಿನಲ್ಲೇ ಹೋಂವರ್ಕ್ ಕೊಟ್ಟೆ. ಈ ತರಗತಿಯ ಅರ್ಧಕ್ಕರ್ಧ ಮಕ್ಕಳ ತಾಯಂದಿರು ಬೆಳಗಿನ ಟ್ರೈನಿಗೆ ಬೆಂಗಳೂರಿಗೆ ಹೋಗುವವರು, ಗಾರ್ಮೆಂಟ್ಸಿಗೋ ಮನೆಗೆಲಸಕ್ಕೋ. "ನಿಮ್ಮಮ್ಮ ಕೆಲಸಕ್ಕೆ ಹೇಗೆ ಹೋಗ್ತಾರೆ?" ಎಂದು ಕೇಳಿದೆ. ಟ್ರೈನಲ್ಲಿ ಎಂದರೆ ಹಣೆ ಚಚ್ಚಿಕೊಳ್ಳುತ್ತೇನೆ ಎಂದೂ ಹೇಳಿದೆ. ಮುಂದೆ ಕೂತಿದ್ದ ಎರಡು ಜಡೆಯ ಹುಡುಗಿ, "ಗೊತ್ತಿಲ್ಲ ಮಿಸ್. ನಾವ್ ಏಳೋವತ್ಗೆ ಅಮ್ಮ ಇರಲ್ಲ" ಎಂದಳು. "ಹಾಗಾದ್ರೆ ನಾಳೆ ಬೇಗ ಎದ್ದು ನೋಡಿ, ಹೇಗೆ ಹೋದ್ರು ಅಂತ ಒಂದೇ ಪದದಲ್ಲಿ ಹೇಳಿ" ಎಂದೆ. ಪಾಠ ಬದುಕಿಗೆ ಹತ್ತಿರವಾಗಿರಬೇಕು ಎಂದೂ ಅದೇ ತರಬೇತಿಯಲ್ಲಿ ಹೇಳಿದ್ದರು.

ಮರುದಿನ ಅರ್ಧ ತರಗತಿ ತೂಕಡಿಸುತ್ತಿತ್ತು. ಹಾಜರಿ ಮುಗಿಯುವ ಮೊದಲೇ ಆ ಎರಡು ಜಡೆಯವಳ ಕೈಹಿಡಿದು ಅವಳ ತಾಯಿ ಬಾಗಿಲಲ್ಲಿ ನಿಂತಿದ್ದರು. ಕೊರಳಲ್ಲಿ ಗಾರ್ಮೆಂಟ್ಸಿನ ಕಾರ್ಡು, ಹೆಗಲಲ್ಲಿ ಊಟದ ಬ್ಯಾಗು.

"ಏನ್ ಮಿಸ್ ಪಾಠ ಇದು? ಇವ್ಳು ಕತ್ಲಲ್ಲೇ ಎದ್ದು ಕೂತಿದ್ಲು. ನಾನ್ ಬಾಗ್ಲು ತೆಗ್ದಿದ್ದೇ ತಡ, ಓಡ್ಬಂದು ಕಾಲ್ ತಬ್ಕೊಂಡ್ಲು. ಬಿಡಿಸ್ಕೊಂಡ್ರೆ ಅಳ್ತಾಳೆ. ಚಿಕ್ಕದೂ ಎದ್ದು ಅದೂ ಅಳೋಕ್ ಶುರು. ಟ್ರೈನ್ ಓಯ್ತು. ಇನ್ನೊಂದ್ಸಲ ಲೇಟಾದ್ರೆ ಬರ್ಲೇಬೇಡ ಅಂತ ಸೂಪರ್‌ವೈಸರ್ ಮೊದ್ಲೇ ಯೋಳವ್ನೆ."

ನನಗೂ ರೇಗಿತು. ನೋಡು ಅಂದಿದ್ದೆ, ತಬ್ಬಿಕೋ ಅಂದಿರಲಿಲ್ಲವಲ್ಲ! "ಅಮ್ಮ ಹೋಗೋದನ್ನ ಮಗು ನೋಡಿದ್ರೆ ಏನಮ್ಮಾ ತಪ್ಪು?" ಎಂದೆ.

"ಮಕ್ಳಿಗೆ ಗೊತ್ತಾಗ್ಬಾರ್ದು ಅಂತಾನೇ ಅಲ್ವಾ ಮಿಸ್ ನಾವ್ ಅಂಗ್ ಓಗೋದು?"

ಇಷ್ಟು ವರ್ಷ ಈ ಊರಿಗೆ ಬಂದುಹೋಗುತ್ತಿದ್ದರೂ ಆಮೇಲೆ ಅವರು ಹೇಳಿದ್ದು ನನಗೆ ಗೊತ್ತಿರಲಿಲ್ಲ. ಗಣಿ ಕೆಲಸಗಾರರಿಗೆಂದು ಸಾಲಾಗಿ ಕಟ್ಟಿದ ಇಲ್ಲಿನ ಲೈನ್ ಮನೆಗಳ ಹೆಂಗಸರು ಬೆಳಗಿನ ಜಾವ ಲೈಟು ಹಾಕುವುದಿಲ್ಲ. ಬ್ಯಾಗು ರಾತ್ರಿಯೇ ಬಾಗಿಲ ಪಕ್ಕ ಬಂದಿರುತ್ತದೆ. ಬಳೆಗಳು ಸದ್ದು ಮಾಡದಂತೆ ಮೇಲಕ್ಕೆ ಸರಿಸಿ ಬಿಗಿ ಮಾಡಿಕೊಳ್ಳುತ್ತಾರೆ. ಚಪ್ಪಲಿ ಕೈಯಲ್ಲಿ ಹಿಡಿದು, ಬೀದಿ ತಿರುಗಿದ ಮೇಲೆ ಮೆಟ್ಟಿಕೊಳ್ಳುತ್ತಾರೆ. ಇವರ ಮನೆಯಲ್ಲಂತೂ ಇವರು ಎದ್ದ ಜಾಗಕ್ಕೆ ಅತ್ತೆ ಬಂದು ಮಲಗುತ್ತಾರೆ, ಮಗು ನಿದ್ದೆಯಲ್ಲಿ ಕೈ ಚಾಚಿದರೆ ಯಾರಾದರೂ ಸಿಗಲಿ ಎಂದು. ಇಷ್ಟೆಲ್ಲ ಕಷ್ಟಪಟ್ಟು ಕಾಪಾಡಿಕೊಂಡದ್ದು ಒಂದು ಹೋಂವರ್ಕಿನಿಂದ ಕೆಟ್ಟುಹೋಗಿತ್ತು. ಪುಸ್ತಕದವರ ಮೇಲೆ, ತರಬೇತಿಯವರ ಮೇಲೆ, ಕಂಡಿರದ ಆ ಸೂಪರ್‌ವೈಸರ್ ಮೇಲೆ, ಎಲ್ಲರ ಮೇಲೂ ಒಟ್ಟಿಗೆ ಸಿಟ್ಟು ಬಂತು.

"ನೀವೇ ಯೋಳಿ ಮಿಸ್. ನನ್ ಮಾತ್ ಕೇಳಲ್ಲ ಇವ್ಳು. ಮಿಸ್ ಯೋಳವ್ರೆ, ನಾಳೇನೂ ಏಳ್ತೀನಿ ಅಂತಾಳೆ."

"ಹೋಂವರ್ಕ್ ಮುಗೀತು. ನಾಳೆಯಿಂದ ಯಾರೂ ಕತ್ತಲಲ್ಲಿ ಏಳಬಾರದು" ಎಂದು ತರಗತಿಗೆ ಹೇಳಿದೆ. "ಸರೀ ಮಿಸ್" ಎಂದು ರಾಗ ಎಳೆದರು. ತಾಯಿ ಮಗಳ ಮೂಗು ಒರೆಸಿ, "ಮುಂದಿನ್ ಟ್ರೈನ್ಗೆ ಓಗ್ತೀನಿ, ಗೇಟಲ್ಲಿ ಬಿಡ್ತಾರೋ ಇಲ್ವೋ" ಎನ್ನುತ್ತಾ ಸ್ಟೇಷನ್ ಕಡೆ ಓಡಿದರು. ಹುಡುಗಿ ಕಿಟಕಿಯ ಸರಳು ಹಿಡಿದು, ಅವರು ಕಣ್ಮರೆಯಾಗುವವರೆಗೂ ನೋಡುತ್ತಿದ್ದಳು. ಕೂತುಕೋ ಎಂದು ನಾನು ಗದರಿಸಲಿಲ್ಲ.

ಆಮೇಲೆ ಅವಳೇ ಮೇಜಿನ ಹತ್ತಿರ ಬಂದಳು. "ಮಿಸ್, ನಾಳೆ ಏಳಲ್ಲ. ಎಚ್ಚರ ಆದ್ರೂ ಕಣ್ ಬಿಡಲ್ಲ. ಅಮ್ಮ ಓಗೋಗಂಟ ನಿದ್ದೆ ಬಂದೋಳ್ ತರ ಮಲ್ಗಿರ್ತೀನಿ. ಆಗ ಅಮ್ಮಂಗೆ ಟ್ರೈನ್ ಸಿಕ್ತದೆ." ನನ್ನ ಕಿವಿಯ ಹತ್ತಿರ ಬಂದು ಸೇರಿಸಿದಳು, "ಅಮ್ಮಂಗೆ ಯೋಳ್ಬೇಡಿ ಮಿಸ್."

ಏನು ಹೇಳಿದರೂ ಈ ಮಕ್ಕಳ ತಲೆಗೆ ಹೋಗುವುದಿಲ್ಲ ಎಂದು ದಿನವೂ ಗೊಣಗುತ್ತಿದ್ದವಳು ನಾನು. ಇದೊಂದು ಇಷ್ಟು ಬೇಗ ತಲೆಗೆ ಹೋಗಬಾರದಿತ್ತು. "ಹೇಳಲ್ಲ, ಹೋಗಿ ಕೂತ್ಕೋ" ಎಂದೆ.